ಅವಳ ಮನೆಯಲ್ಲಿ ಭಟ್ಟಿ ಇರಲಿಲ್ಲ

ಹೆಡ್‌ಮಾಸ್ತರರು ಪೆನ್ನಿನ ಕ್ಯಾಪು ತೆಗೆದು, ಪೆನ್ನನ್ನು ನನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಒಂದು ಹಾಳೆ. ಅದರಲ್ಲಿ ಹನ್ನೊಂದು ಹುಡುಗಿಯರ ಹೆಸರು. ಶಾಲೆಯ ಆಯ್ಕೆ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾದ ಇವರನ್ನು ಈ ವರ್ಷ ಎಸ್ಸೆಸ್ಸೆಲ್ಸಿಗೆ ಕಳಿಸುವುದು ಬೇಡ ಎಂದು ಅವರ ಕ್ಲಾಸ್ ಟೀಚರಾದ ನಾನು ಬರೆದುಕೊಡಬೇಕಿತ್ತು. ಬರೆಯುವ ಕಷ್ಟವನ್ನೂ ಅವರು ನನಗೆ ಕೊಟ್ಟಿರಲಿಲ್ಲ. ಎಲ್ಲ ಟೈಪಾಗಿತ್ತು, ಸಹಿಯೊಂದೇ ಬಾಕಿ.

ಐವತ್ತರ ದಶಕದ ಕೊನೆಯ ಮಾತು ಇದು. ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯೇ ಒಂದು ಪರೀಕ್ಷೆ ನಡೆಸಿ, ಕುಂಟುವವರನ್ನು ಹಿಂದೆ ಬಿಟ್ಟು, ಗಟ್ಟಿಗರನ್ನು ಮಾತ್ರ ಕಳಿಸುವುದು ಆಗ ಎಲ್ಲ ಕಡೆ ಇದ್ದ ಪದ್ಧತಿ. ಬೇಸಿಗೆಯಲ್ಲಿ ಫಲಿತಾಂಶ ಬಂದಾಗ ಬಾಗಿಲ ಬಳಿಯ ಕರಿಹಲಗೆಯ ಮೇಲೆ ನೂರಕ್ಕೆ ನೂರು ಎಂದು ದಪ್ಪಕ್ಷರದಲ್ಲಿ ಬರೆಯಬಹುದಲ್ಲ. ಹಿಂದುಳಿದವರು ಹುಡುಗರಾದರೆ ಮರುವರ್ಷ ಮತ್ತೆ ಬರುತ್ತಿದ್ದರು. ಹುಡುಗಿಯರಾದರೆ ಅವರು ಬರುತ್ತಿರಲಿಲ್ಲ, ಅವರ ಲಗ್ನಪತ್ರಿಕೆ ಬರುತ್ತಿತ್ತು. ಹೆಡ್‌ಮಾಸ್ತರರು ಆ ಪತ್ರಿಕೆಗಳನ್ನು ಹಿಡಿದು ಮದುವೆಗೂ ಹೋಗಿ ಊಟ ಮಾಡಿ ಬರುತ್ತಿದ್ದರು. ಅವರೇನೂ ಕೆಟ್ಟವರಲ್ಲ, ಕರಿಹಲಗೆಯ ಮೋಹ ಅಷ್ಟೇ.

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯಲ್ಲಿ. ದಿನವೂ ಬೆಳಗಿನ ರೈಲು ಹತ್ತಿ ಬರುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಂಥವಳು ಪೆನ್ನು ಮುಟ್ಟದೆ ಕೂತಿದ್ದು ಹೆಡ್‌ಮಾಸ್ತರರಿಗೆ ಆಶ್ಚರ್ಯವಾಯಿತು.

“ಯಾಕ ಟೀಚರ್? ಮಾರ್ಕ್ಸ್ ಹಾಕಿದವ್ರು ನೀವೇ ಅಲ್ರೀ?” ಎಂದರು.

“ಹೌದು ಸರ್. ಕಲಿಸಿದವಳೂ ನಾನೇ. ಹನ್ನೊಂದು ಜನ ಒಂದೇ ಪ್ರಶ್ನೆಗೆ ಸೊನ್ನೆ ತಗೊಂಡ್ರೆ ಅದು ಯಾರು ಫೇಲಾಗಿದ್ದು?”

ಆ ಒಂದು ಪ್ರಶ್ನೆ ಜೋಡಿ ಪದಗಳದ್ದು. ಅರ್ಥ ಹತ್ತಿರವಿರುವ ಎರಡೆರಡು ಇಂಗ್ಲಿಷ್ ಪದ ಕೊಟ್ಟು, ಅವುಗಳ ವ್ಯತ್ಯಾಸ ತಿಳಿಯುವಂತೆ ವಾಕ್ಯ ರಚಿಸಿ ಎನ್ನುತ್ತಿದ್ದರು. ವ್ಯಾಕರಣ, ಪತ್ರಲೇಖನ ಇವನ್ನೆಲ್ಲ ಹುಡುಗಿಯರು ಉರು ಹೊಡೆದು ಹೇಗೋ ದಾಟಿದ್ದರು. ಇಲ್ಲಿ ಮಾತ್ರ ಮುಳುಗಿದ್ದರು. ಒಂದು ತಿಂಗಳು ಕೊಡಿ, ಇದೊಂದನ್ನು ಕಲಿಸುತ್ತೇನೆ, ಆಮೇಲೆ ಮತ್ತೆ ಪರೀಕ್ಷೆ ಮಾಡಿ ಎಂದೆ. ತುಂಬ ಹೊತ್ತು ಹಗ್ಗಜಗ್ಗಾಟವಾಯಿತು. ಕೊನೆಗೆ ಅವರು ಒಪ್ಪಿದರು, ಆದರೆ ಪ್ರಶ್ನೆ ತೆಗೆಯುವುದೂ ತಿದ್ದುವುದೂ ನಾನಲ್ಲ. ಹರಿಹರದಲ್ಲಿ ನಿವೃತ್ತರಾಗಿದ್ದ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದರು. ಹೆಡ್‌ಮಾಸ್ತರರಿಗೇ ಪಾಠ ಹೇಳಿದವರು, ಅರ್ಧ ಮಾರ್ಕು ಬಿಟ್ಟುಕೊಡದವರು ಎಂದು ಹೆಸರಾದವರು. ಅವರು ತಿದ್ದಿದ್ದೇ ಅಂತಿಮ. ಹುಡುಗಿಯರು ಸೋತರೆ ನಾನು ಸಹಿ ಮಾಡಿ, ಮೇಲಿನ ತರಗತಿಗಳ ಇಂಗ್ಲಿಷನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಆಗಲಿ ಸರ್ ಎಂದು ಎದ್ದು ಬಂದೆ.

ಅವತ್ತು ಸಂಜೆ ರೈಲಿನಲ್ಲಿ ಹನ್ನೊಂದೂ ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಓದಿದೆ. ಹುಡುಗಿಯರು ದಡ್ಡರೆಂದು ಅವು ಹೇಳುತ್ತಿರಲಿಲ್ಲ. ಎಲ್ಲರೂ ಪೇಟೆಯಲ್ಲಿ ಸಿಗುವ ಒಂದೇ ಗೈಡಿನ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದರು. ಹಿಮದ ಮೇಲೆ ಬಿದ್ದ ನೆರಳು, ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತ ಬಟ್ಲರ್. ದಾವಣಗೆರೆಯಲ್ಲಿ ಬಟ್ಲರನನ್ನು ಯಾರು ಕಂಡಿದ್ದರು? ವಾಕ್ಯ ನೆನಪಿತ್ತು, ಅದು ಜೋಡಿಯಲ್ಲಿ ಯಾವ ಪದದ್ದೆಂಬುದು ನೆನಪಿರಲಿಲ್ಲ. ಇದರ ವಾಕ್ಯ ಅದಕ್ಕೆ, ಅದರ ವಾಕ್ಯ ಇದಕ್ಕೆ ಅಂಟಿಸಿ ಸೊನ್ನೆ ತಗೊಂಡಿದ್ದರು.

ಮರುದಿನದಿಂದ ಶಾಲೆಯ ಗಂಟೆಗೆ ಒಂದು ತಾಸು ಮುಂಚೆ ತರಗತಿ ಶುರು ಮಾಡಿದೆ. ಉದ್ದ ಹಾಳೆಯ ಒಂದು ನೋಟ್‌ಬುಕ್ ತಂದೆ. ಎಡಪುಟದಲ್ಲಿ ಒಂದು ಕನ್ನಡ ಪದ, ಬಲಪುಟದಲ್ಲಿ ಗೆರೆ ಎಳೆದು ಎರಡು ಇಂಗ್ಲಿಷ್ ಪದ. ನೆರಳು ಎಂದರೆ ಶೇಡ್ ಮತ್ತು ಶಾಡೋ. ಕದಿಯುವುದು ಎಂದರೆ ಸ್ಟೀಲ್ ಮತ್ತು ರಾಬ್. ಕಡ ಎಂದರೆ ಬಾರೋ ಮತ್ತು ಲೆಂಡ್. ನಿಘಂಟು ಮುಟ್ಟಬಾರದು, ಎರಡು ಪದ ಎಲ್ಲಿ ಬೇರೆಯಾಗುತ್ತವೋ ಆ ಜಾಗವನ್ನು ಕಣ್ಣಾರೆ ನೋಡಬೇಕು ಎಂಬುದು ನನ್ನ ಹಟ. ಹರಿಹರದಲ್ಲಿ ಹುಟ್ಟಿದವರಿಗೆ ಇದು ಸುಲಭ. ನಮ್ಮೂರ ದೇವರ ಮೈ ಒಂದೇ, ಅರ್ಧ ಹರಿ ಅರ್ಧ ಹರ. ಯಾವ ಅರ್ಧ ಯಾರದೆಂದು ಚಿಕ್ಕ ಮಕ್ಕಳೂ ಕೈಯಲ್ಲಿರುವುದನ್ನು ನೋಡಿ ಹೇಳುತ್ತಾರೆ.

ಮೊದಲ ದಿನ ಎಲ್ಲರನ್ನೂ ಹೊಂಗೆ ಮರದ ಕೆಳಗೆ ನಿಲ್ಲಿಸಿ ನೆರಳಿನ ಜೋಡಿ ಕೇಳಿದೆ. ಹಿಂದಿನ ಬೆಂಚಿನ ಒಬ್ಬಳು ಕೈಯೆತ್ತಿದಳು. ಅವಳ ಮನೆಯವರದು ಮಂಡಕ್ಕಿ ಹುರಿಯುವ ಭಟ್ಟಿ. ಬೆಳಿಗ್ಗೆ ಮನೆಯವರಿಗೆ ಕೈಜೋಡಿಸಿ ಬರುತ್ತಿದ್ದುದರಿಂದ ಅವಳ ತಲೆಗೂದಲಲ್ಲಿ ಯಾವಾಗಲೂ ಹೊಟ್ಟಿನ ಧೂಳು.

“ಮರದ ಕೆಳಗೆ ತಂಪು ಐತಲ್ಲ ಅಕ್ಕೋರೆ, ಅದು ಶೇಡ್. ನನ್ನ ಹಿಂದೆ ಬರ್ತೈತಲ್ಲ, ಅದು ಶಾಡೋ. ಅದರಾಗೆ ಕೂಡಕಾಗಲ್ಲ. ನಾ ಕೂತ್ರೆ ಅದೂ ಕೂಡ್ತೈತೆ.”

ನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ್ದ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ಬಾರೋ, ಲೆಂಡ್ ಹೇಳಿಕೊಡುವಾಗ ಪಕ್ಕದ ಮನೆಯಿಂದ ಹೆಪ್ಪು ಇಸಕೊಳ್ಳುವ ಉದಾಹರಣೆ ಕೊಟ್ಟೆ. ಹೆಪ್ಪನ್ನು ಯಾರೂ ವಾಪಸ್ ಕೊಡುವುದಿಲ್ಲವಲ್ಲ ಎಂದು ಇವಳೇ ತಕರಾರು ತೆಗೆದಳು. ಹೌದೆಂದು ಒಪ್ಪಿ ಹೆಪ್ಪು ಹೊಡೆದುಹಾಕಿ ಜರಡಿ ಎಂದು ಬರೆದೆ. ಇನ್ನೊಂದು ದಿನ ಅಡುಗೆಯ ಪದಗಳು ಬಂದವು. ಇಂಗ್ಲಿಷಿನಲ್ಲಿ ಫ್ರೈ ಎಂದರೆ ಈರುಳ್ಳಿ ಬಾಡಿಸುವುದೂ ಹೌದು, ಮಿರ್ಚಿ ಕರಿಯುವುದೂ ಹೌದು ಎಂದೆ. ಹುಡುಗಿಯರು ಮುಖಮುಖ ನೋಡಿಕೊಂಡರು. ಎರಡಕ್ಕೂ ಒಂದೇ ಮಾತಿಟ್ಟುಕೊಂಡು ಅವರು ಮನೆ ಹೇಗೆ ನಡೆಸುತ್ತಾರೆ ಎಂದು ಒಬ್ಬಳು ಕೇಳಿದಳು. ಅಕ್ಕನಿಗೂ ತಂಗಿಗೂ ಅವರಲ್ಲಿ ಒಂದೇ ಪದವೆಂದು ಇನ್ನೊಬ್ಬಳು ನೆನಪಿಸಿದಳು. ನೋಟ್‌ಬುಕ್ಕಿನ ಹಿಂದಿನಿಂದ ಇನ್ನೊಂದು ಪಟ್ಟಿ ಶುರುವಾಯಿತು, ನಮ್ಮಲ್ಲಿ ಎರಡಿದ್ದು ಅವರಲ್ಲಿ ಒಂದೇ ಇರುವ ಪದಗಳದ್ದು. ಪರೀಕ್ಷೆಗೆ ಅದರಿಂದ ಕಾಸಿನ ಉಪಯೋಗವಿರಲಿಲ್ಲ. ಆದರೆ ಅವತ್ತಿನಿಂದ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂತರು.

ಆಮೇಲೆ ಹಿಯರ್ ಮತ್ತು ಲಿಸನ್ ಬಂತು. ಎರಡಕ್ಕೂ ನಾವು ಕೇಳುವುದು ಎಂದುಬಿಡುತ್ತೇವೆ. ಬೇಡವೆಂದರೂ ಕಿವಿಗೆ ಬೀಳುವುದು ಒಂದು, ಬೇಕೆಂದು ಕಿವಿಗೊಡುವುದು ಇನ್ನೊಂದು ಎಂದು ಹೇಳಿ ಕೂತೆ. ಭಟ್ಟಿ ಹುಡುಗಿ ನಿಧಾನವಾಗಿ, ಪದಕ್ಕೆ ಪದ ಜೋಡಿಸಿ, ಇಂಗ್ಲಿಷಿನಲ್ಲೇ ಹೇಳಿದಳು. ನಮ್ಮ ಭಟ್ಟಿಯ ಬೆಂಕಿಯ ಸದ್ದನ್ನು ನಾನು ದಿನವಿಡೀ ಹಿಯರ್ ಮಾಡುತ್ತೇನೆ, ನನ್ನ ಅಜ್ಜಿ ಮರಳಿಗೆ ಲಿಸನ್ ಮಾಡುತ್ತಾಳೆ. ಕಾದ ಮರಳಿಗೆ ನಾಲ್ಕು ಕಾಳು ಹಾಕಿ, ಚಿಟಗುಟ್ಟುವ ಸದ್ದಿನ ಮೇಲೆ ಹದ ಬಂತೋ ಇಲ್ಲವೋ ಅಂತ ಅಜ್ಜಿ ಹೇಳುತ್ತಿದ್ದಳಂತೆ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಕೈಯಲ್ಲೂ ಗಟ್ಟಿಯಾಗಿ ಹೇಳಿಸಿದೆ.

ಅಲ್ಲೇ ನಾನು ಎಡವಿದ್ದು. ಮಗ್ಗಿ ಹೇಳಿಸುವುದು ನಮ್ಮ ರಕ್ತದಲ್ಲೇ ಇದೆ. ಒಬ್ಬರು ಎತ್ತಿಕೊಡಬೇಕು, ಉಳಿದವರು ರಾಗವಾಗಿ ಒಪ್ಪಿಸಬೇಕು, ಬಾಯಿಗೆ ಬಂದರೆ ಬಂತು. ಪ್ರತಿ ಜೋಡಿಗೂ ಯಾರದೋ ಒಂದು ಒಳ್ಳೆಯ ವಾಕ್ಯ ಆರಿಸಿ, ಬೆಳಿಗ್ಗೆ ತರಗತಿ ಶುರುವಾಗುವ ಮುಂಚೆ ಎಲ್ಲವನ್ನೂ ಒಕ್ಕೊರಲಿನಲ್ಲಿ ಹೇಳಿಸತೊಡಗಿದೆ. ಹನ್ನೊಂದು ದನಿ ಕೂಡಿ ಹೊರಟರೆ ಸ್ಟಾಫ್ ರೂಮಿನ ತನಕ ಕೇಳಿಸುತ್ತಿತ್ತು. ಹೆಡ್‌ಮಾಸ್ತರರು ಒಮ್ಮೆ ಬಾಗಿಲಲ್ಲಿ ನಿಂತು ತಲೆದೂಗಿದರು. ನಾನು ಹಿಗ್ಗಿದೆ. ಅವರು ಒಪ್ಪಿದರೆಂದರೆ ಏನೋ ತಪ್ಪಿದೆ ಎಂದು ಆಗಲೇ ಹೊಳೆಯಬೇಕಿತ್ತು.

ತಿಂಗಳು ತುಂಬಿದಾಗ ಪರೀಕ್ಷೆ ನಡೆಯಿತು. ಇಪ್ಪತ್ತು ಜೋಡಿಗಳ ಪ್ರಶ್ನೆಪತ್ರಿಕೆ ಹರಿಹರದಿಂದ ಮುಚ್ಚಿದ ಲಕೋಟೆಯಲ್ಲಿ ಬಂತು, ಉತ್ತರಗಳು ಹಾಗೇ ಮುಚ್ಚಿದ ಲಕೋಟೆಯಲ್ಲಿ ಹೋದವು. ಮೇಲ್ವಿಚಾರಣೆಗೆ ಹೆಡ್‌ಮಾಸ್ತರರೇ ಕೂತಿದ್ದರು. ಹೊರಬಂದ ಹುಡುಗಿಯರ ಮುಖ ಅರಳಿತ್ತು, ಮುಕ್ಕಾಲು ಪಾಲು ನಮ್ಮ ನೋಟ್‌ಬುಕ್ಕಿನದೇ ಬಂದಿತ್ತಂತೆ. ಮೂರನೆಯ ದಿನ ನನಗೆ ಕರೆ ಬಂತು.

ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಇಸ್ಪೀಟು ಹರಡಿದಂತೆ ಹರಡಿದ್ದರು. ಪ್ರತಿಯೊಂದರ ಮೇಲೂ ಕೆಂಪು ಮಸಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ನಕಲು ಎಂದು ಷರಾ. ಒಂಬತ್ತು ಜನ ಅದೇ ಭಟ್ಟಿ, ಅದೇ ಅಜ್ಜಿ, ಅದೇ ಮರಳು ಬರೆದಿದ್ದರು. ಮಿಲ್ಲಿನಲ್ಲಿ ನೂಲುವವನ ಮಗಳ ಮನೆಯಲ್ಲೂ ಭಟ್ಟಿ. ಆನಗೋಡಿನಿಂದ ಬಸ್ಸಿನಲ್ಲಿ ಬರುವ ಒಕ್ಕಲಿನ ಮನೆಯ ಹುಡುಗಿಯ ಮನೆಯಲ್ಲೂ ಭಟ್ಟಿ. ಹೆಡ್‌ಮಾಸ್ತರರ ಕೈಯಲ್ಲಿ ಈಗ ಹೊಸ ಹಾಳೆಯಿತ್ತು. ಹುಡುಗಿಯರು ನಕಲು ಮಾಡಿದ್ದಾರೆ, ಅವರನ್ನು ಪರೀಕ್ಷೆಗೆ ಕಳಿಸಲಾಗದು ಎಂದು ಅದರಲ್ಲಿತ್ತು. ಇದಕ್ಕೆ ಸಹಿ ಬಿದ್ದರೆ ಬರೀ ಈ ವರ್ಷ ಹೋಗುವುದಲ್ಲ, ಆ ಹುಡುಗಿಯರ ಹೆಸರಿಗೆ ಕಳ್ಳತನವೂ ಅಂಟಿಕೊಳ್ಳುತ್ತಿತ್ತು.

“ನಾನೇ ಎದುರಿಗೆ ಕೂತಿದ್ದೆ. ನನ್ನ ಕಣ್ಣು ತಪ್ಪಿಸಿ ಅಂದ್ರೆ ಏನ್ ಧೈರ್ಯ ನೋಡ್ರಿ,” ಎಂದರು.

“ವಾಕ್ಯ ಒಂದೇ ಐತೆ ಸರ್, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಅವ್ರು ಕದ್ದಿಲ್ಲ. ಸಹಿ ಮಾಡಲ್ಲ.”

“ಮಾಡದಿದ್ರೆ ನಿಮ್ಮ ಕೆಲಸದ ಬಗ್ಗೆ ನಾನು ಬರೀಬೇಕಾಗ್ತೈತೆ.”

ಬರೆಯಿರಿ ಎಂದೆ. ದನಿ ಎಷ್ಟು ಏರಿತ್ತೋ ತಿಳಿಯದು. ಉತ್ತರಪತ್ರಿಕೆಗಳನ್ನು ನಾನೇ ಬಾಚಿಕೊಂಡು ಬ್ಯಾಗಿಗೆ ತುಂಬಿದೆ. ಅವರು ತಡೆಯಲಿಲ್ಲ. ಹೊರಗೆ ಕಿಟಕಿಯ ಪಕ್ಕ ಭಟ್ಟಿ ಹುಡುಗಿ ಮ್ಯಾಪಿನ ಸುರುಳಿ ಹಿಡಿದು ನಿಂತಿದ್ದಳು. ಅವಳನ್ನು ನೋಡದವಳಂತೆ ನಡೆದುಬಿಟ್ಟೆ.

ರೈಲಿನಲ್ಲಿ ಆನಗೋಡಿನ ಹುಡುಗಿಯ ಪತ್ರಿಕೆ ತೆಗೆದೆ. ಸ್ಪಷ್ಟವಾದ ಅಕ್ಷರ, ಒಂದು ತಪ್ಪಿಲ್ಲ. ‘ನಮ್ಮ ಭಟ್ಟಿಯ ಬೆಂಕಿ.’ ಅವರ ಮನೆಯಲ್ಲಿ ಇದ್ದದ್ದು ಎರಡು ಎತ್ತು, ಒಂದು ಎಮ್ಮೆ. ಈ ಮಗು ಯಾರ ಪತ್ರಿಕೆಯನ್ನೂ ಇಣುಕಿರಲಿಲ್ಲ, ನಾನು ಹೇಳಿಸಿದ್ದನ್ನು ಅಚ್ಚುಕಟ್ಟಾಗಿ ಒಪ್ಪಿಸಿತ್ತು. ಬಟ್ಲರನ ಜಾಗದಲ್ಲಿ ಅಜ್ಜಿಯನ್ನು ಕೂರಿಸಿ ಇನ್ನೊಂದು ಗೈಡು ತಯಾರು ಮಾಡಿದ್ದೆ, ಅಷ್ಟೇ. ಎದುರಿಗೆ ಕೂತಿದ್ದ ಹೆಂಗಸು ಯಾಕಮ್ಮ ಅಳ್ತಿ ಎಂದು ಕೇಳಿದಳು. ನಾಚಿಕೆಯಿಂದ ಅತ್ತದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಸಮೇತ ಗುಡಿ ಬೀದಿಯಲ್ಲಿದ್ದ ಆ ನಿವೃತ್ತ ಮೇಷ್ಟ್ರ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಹಳೆಯ ಪುಸ್ತಕಕ್ಕೆ ಮೈದಾ ಅಂಟು ಸವರಿ ರಟ್ಟು ಕಟ್ಟುತ್ತಿದ್ದರು. ಕೂಡು ಎಂದರೇ ಹೊರತು ತಲೆಯೆತ್ತಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಕಲು ಮಾಡಿಲ್ಲ, ನಾನು ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದೆ ಎಂದೆ.

“ಹಂಗಾದ್ರೆ ಇನ್ನೂ ಕೆಟ್ಟದ್ದು,” ಎಂದರು. “ಕಾಪಿ ಹೊಡೆಯೋಕೂ ಒಂದಿಷ್ಟು ಸ್ವಂತ ಬುದ್ಧಿ ಬೇಕಮ್ಮ. ನೀ ಅವರಿಗೆ ಅದನ್ನೂ ಉಳಿಸಿಲ್ಲ.”

ಮಾತು ಸರಿಯಾಗಿತ್ತು, ಅದಕ್ಕೇ ಮೈ ಉರಿಯಿತು. ನೋಟ್‌ಬುಕ್ಕನ್ನು ಅವರ ಅಂಟಿನ ಬಟ್ಟಲಿನ ಪಕ್ಕ ಇಟ್ಟೆ. ಇದು ನಿಮ್ಮ ಹತ್ತಿರವೇ ಇರಲಿ, ಹುಡುಗಿಯರನ್ನು ಇಲ್ಲಿಗೇ ಕರೆತರುತ್ತೇನೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಯಿಮಾತಿನಲ್ಲಿ ಕೇಳಿ, ಇದರಲ್ಲಿರುವ ಒಂದು ಜೋಡಿಯನ್ನೂ ಕೇಳಬೇಡಿ ಎಂದೆ. ತಿಂಗಳ ದುಡಿಮೆಯನ್ನು ನಾನೇ ಕೈಯಾರೆ ಒತ್ತೆಯಿಟ್ಟಿದ್ದೆ. ಅವರು ಮೊದಲ ಸಲ ತಲೆಯೆತ್ತಿ, ಬರುವ ಭಾನುವಾರ, ನೀನು ಒಳಗೆ ಇರುವ ಹಾಗಿಲ್ಲ ಎಂದರು.

ಉಳಿದದ್ದು ಏಳು ದಿನ. ಸೋಮವಾರ ಬೆಳಿಗ್ಗೆ ಹುಡುಗಿಯರು ಅಭ್ಯಾಸಬಲದಿಂದ ರಾಗ ಎತ್ತಿದರು, ನಿಲ್ಲಿಸಿದೆ. ಇನ್ನು ಮುಂದೆ ಯಾರೂ ಬರೆಯುವಂತಿಲ್ಲ, ಇನ್ನೊಬ್ಬಳ ವಾಕ್ಯ ಯಾರ ಬಾಯಲ್ಲೂ ಬರುವಂತಿಲ್ಲ ಎಂದೆ. ದಿನಕ್ಕೆರಡು ಹೊಸ ಜೋಡಿ ಕೊಡುತ್ತಿದ್ದೆ. ಮನೆಗೆ ಹೋಗಿ, ಹಿತ್ತಲಲ್ಲೋ ಅಡುಗೆಮನೆಯಲ್ಲೋ ನಿಂತು, ಆ ಎರಡು ಪದ ಬೇರೆಯಾಗುವ ಜಾಗ ಹುಡುಕಿ ಮರುದಿನ ಬಂದು ಹೇಳಬೇಕು. ಮೊದಲ ಎರಡು ದಿನ ಯಾರೂ ಏನೂ ತರಲಿಲ್ಲ. ಒಂದಾದರೂ ಹೇಳಿಕೊಡಿ ಎಂದು ಕಾಡಿದರು, ಒಬ್ಬಿಬ್ಬರು ಸಿಟ್ಟೂ ಮಾಡಿದರು. ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ನೂಲುವವನ ಮಗಳು ಅಪ್ಪನ ಕೆಲಸದ ಮಾತೊಂದನ್ನು ತಂದಳು. ಆಮೇಲೆ ಒಬ್ಬೊಬ್ಬರಾಗಿ ಶುರುವಾಯಿತು. ವ್ಯಾಕರಣ ಅಲ್ಲಲ್ಲಿ ತಪ್ಪುತ್ತಿತ್ತು, ಆದರೆ ವಾಕ್ಯ ಅವರವರದ್ದೇ.

ಆನಗೋಡಿನ ಹುಡುಗಿಗೆ ಮಾತ್ರ ಆಗಲಿಲ್ಲ. ಎದ್ದು ನಿಂತು, ಪಕ್ಕದವಳು ಹೇಳಿದ್ದನ್ನೇ ಒಂದು ಪದ ಬದಲಿಸಿ ಹೇಳಿ, ನನ್ನ ಮುಖ ನೋಡಿ ಕೂರುತ್ತಿದ್ದಳು.

“ನಮ್ಮನೇಲಿ ಹೇಳಾ ಅಂಥದ್ದು ಏನೂ ಇಲ್ಲ ಅಕ್ಕೋರೆ,” ಎಂದಳು ಒಂದು ದಿನ.

ಸರಿಯಾಗಿ ನೋಡು, ಇರುತ್ತದೆ ಎಂದು ನಕ್ಕು ಮುಂದಿನವಳ ಕಡೆ ತಿರುಗಿದೆ. ಏಳು ದಿನದಲ್ಲಿ ಹನ್ನೊಂದು ಜನ, ಒಬ್ಬಳ ಬಳಿ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ರೈಲಿನಲ್ಲಿ ಕರೆದೊಯ್ಯಲು ಶಾಲೆಯ ಅನುಮತಿ ಇಲ್ಲ ಎಂದು ಹೆಡ್‌ಮಾಸ್ತರರು ಹೇಳಿಕಳಿಸಿದರು. ಭಾನುವಾರ ಶಾಲೆಯದ್ದಲ್ಲ ಎಂದು ಹೇಳಿಕಳಿಸಿದೆ. ಸಂಜೆ ಹೊತ್ತು ಮನೆಮನೆಗೆ ಹೋಗಿ ಕೇಳಿದೆ. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಭಟ್ಟಿ ಮನೆಯ ಅಜ್ಜಿ ಮಾತ್ರ ಬೆವರೊರೆಸಿಕೊಳ್ಳುತ್ತ, “ಅಷ್ಟು ಹುಡುಗ್ಯಾರನ್ನ ನೀವೊಬ್ರೇ ಹೆಂಗೆ ಕರ್ಕಂಡು ಹೋಗ್ತೀರಿ ಅಕ್ಕೋರೆ? ನಾನೂ ಬರ್ತೀನಿ,” ಎಂದರು. ಹಿರಿಯ ಹೆಂಗಸೊಬ್ಬಳು ಜೊತೆಗಿದ್ದಾಳೆ ಎಂದ ಮೇಲೆ ಉಳಿದ ಮನೆಯವರೂ ಹೂಂ ಅಂದರು.

ಹಾಗೆ ಹನ್ನೊಂದು ಹುಡುಗಿಯರು, ಒಬ್ಬ ಅಜ್ಜಿ, ಒಂದು ಗಂಟು ಮಂಡಕ್ಕಿಯ ಸಮೇತ ಹರಿಹರದಲ್ಲಿ ಇಳಿದೆವು. ಮೇಷ್ಟ್ರು ಪಡಸಾಲೆಯಲ್ಲಿ ಒಬ್ಬೊಬ್ಬರನ್ನೇ ಕರೆದರು. ಉಳಿದವರನ್ನು ಹಿತ್ತಲಲ್ಲಿ ಕೂರಿಸಿದರು. ನಾನು, ಅಜ್ಜಿ ಬೀದಿ ಕಡೆಯ ಜಗಲಿಯ ಮೇಲೆ. ಕಿಟಕಿ ತೆರೆದಿತ್ತು, ಆದರೆ ಬೀದಿಯ ಗದ್ದಲದಲ್ಲಿ ಒಳಗಿನ ಪದ ಒಂದೂ ತಿಳಿಯುತ್ತಿರಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊಮ್ಮಗಳು ಒಳಗೆ ಹೋದಾಗ ಅಜ್ಜಿ ಮಂಡಕ್ಕಿ ಗಂಟನ್ನು ಬದಿಗಿಟ್ಟು, ಕಣ್ಣುಮುಚ್ಚಿ, ತಲೆಯನ್ನು ಕಿಟಕಿಯ ಕಡೆ ವಾಲಿಸಿ ಕೂತರು. ಇಂಗ್ಲಿಷಿನ ಒಂದಕ್ಷರ ಗೊತ್ತಿರದ ಹೆಂಗಸು.

“ದನಿ ನಡುಗ್ತಾ ಇಲ್ಲ,” ಎಂದರು ಆಮೇಲೆ. “ಹದ ಬಂದೈತೆ ಬಿಡ್ರಿ.”

ಕೊನೆಗೆ ಹೋದವಳು ಆನಗೋಡಿನ ಹುಡುಗಿ. ಬಹಳ ಹೊತ್ತು ಒಳಗಿಂದ ಮೇಷ್ಟ್ರ ದನಿ ಮಾತ್ರ ಬರುತ್ತಿತ್ತು. ಹೊರಬಂದವಳು ನೇರವಾಗಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು. ಬೇರೇನನ್ನೂ ಕೇಳುವ ಮುಂಚೆ, ಹಿಂದಿನ ಪರೀಕ್ಷೆಯಲ್ಲಿ ಭಟ್ಟಿ ಎಂದು ಯಾಕೆ ಬರೆದೆ, ನಿಮ್ಮ ಮನೆಯಲ್ಲಿ ಭಟ್ಟಿ ಇದೆಯಾ ಎಂದು ಮೇಷ್ಟ್ರು ಕೇಳಿದ್ದರಂತೆ. ಅದಾದ ಮೇಲೆ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಹತ್ತು ಜನರನ್ನು ಕಳಿಸಬಹುದು ಎಂದರು ಮೇಷ್ಟ್ರು. ಯಾರು ಏನು ಹೇಳಿದರೆಂದು ಅವರವರ ಹೆಸರಿನ ಮುಂದೆ ಬರೆದಿದ್ದ ಹಾಳೆಯನ್ನೂ, ನನ್ನ ನೋಟ್‌ಬುಕ್ಕನ್ನೂ ಕೈಗಿತ್ತರು. ಅದಕ್ಕೆ ಹೊಸ ರಟ್ಟು ಕಟ್ಟಿದ್ದರು. ಹನ್ನೊಂದನೆಯವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಹಟ ಹಿಡಿದೆ. ಅವಳಿಗಲ್ಲಮ್ಮ, ನಿನಗೆ ಬೇಕು ಇನ್ನೊಂದು ವರ್ಷ ಎಂದರು.

ವಾಪಸ್ಸು ಹುಡುಗಿಯರನ್ನು ಬಿಡಲು ದಾವಣಗೆರೆಗೆ ಹೊರಟ ರೈಲಿನಲ್ಲಿ ಆ ಹಾಳೆ ಓದಿದೆ. ಹತ್ತು ಹೆಸರಿನ ಮುಂದೆ ಹತ್ತು ತರದ ವಾಕ್ಯ. ಹಿತ್ತಲ ಬಾವಿ, ನೂಲಿನ ಕದಿರು, ನಲ್ಲಿ ಮುಂದಿನ ಸಾಲು, ತಮ್ಮನ ಜ್ವರ. ಭಟ್ಟಿ ಹುಡುಗಿಗೆ ಮೇಷ್ಟ್ರು ಡಿನೈ ಮತ್ತು ರಿಫ್ಯೂಸ್ ಕೇಳಿದ್ದರು. ಅದು ನಮ್ಮ ನೋಟ್‌ಬುಕ್ಕಿನಲ್ಲೂ ಇರಲಿಲ್ಲ, ಆ ವಾರ ನಾನು ಕೊಟ್ಟದ್ದರಲ್ಲೂ ಇರಲಿಲ್ಲ. ಅವಳು ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲೇ ಬರೆದುಕೊಂಡಿದ್ದರು. ನಾವು ನಕಲು ಮಾಡಿದೆವು ಎಂದು ಅವರು ಹೇಳಿದರು, ಅದನ್ನು ನಾವು ಡಿನೈ ಮಾಡುತ್ತೇವೆ. ನಮ್ಮ ಟೀಚರಿಗೆ ಸಹಿ ಮಾಡಿರೆಂದು ಹೇಳಿದರು, ಅವರು ರಿಫ್ಯೂಸ್ ಮಾಡಿದರು.

ಕಿಟಕಿಯ ಪಕ್ಕ ಮ್ಯಾಪು ಹಿಡಿದು ನಿಂತವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದುರು ಸೀಟಿನಲ್ಲಿ ಗೆಳತಿಯರ ಜೊತೆ ಮಂಡಕ್ಕಿ ಮುಕ್ಕುತ್ತ ಕೂತಿದ್ದ ಅವಳು ನನ್ನ ಕಡೆ ನೋಡಲೇ ಇಲ್ಲ. ಆನಗೋಡಿನ ಹುಡುಗಿ ಬಾಗಿಲ ಹತ್ತಿರ ಒಬ್ಬಳೇ ನಿಂತಿದ್ದಳು. ಎದ್ದು ಹೋಗಿ ಅವಳ ಪಕ್ಕ ನಿಂತೆ.

ತಮ್ಮ ಗುರುಗಳ ಕೈಬರಹವನ್ನು ಹೆಡ್‌ಮಾಸ್ತರರು ತಳ್ಳಿಹಾಕುವಂತಿರಲಿಲ್ಲ. ನಕಲಿನ ಮಾತು ಬಿಟ್ಟು, ಈ ವರ್ಷ ಕಳಿಸುವುದು ಬೇಡ ಎಂದಷ್ಟೇ ಟೈಪಾಗಿದ್ದ, ಒಂದೇ ಹೆಸರಿನ ಹಾಳೆಯನ್ನು ಮುಂದಿಟ್ಟು ಈಗಲಾದರೂ ಸಹಿ ಹಾಕುತ್ತೀರಾ ಎಂದರು.

ಹಾಕಿದೆ, ಮಾತು ಕೊಟ್ಟಿದ್ದೆನಲ್ಲ. ಅದರ ಕೆಳಗೆ ‘ಇದು ವಿದ್ಯಾರ್ಥಿನಿಯ ತಪ್ಪಲ್ಲ, ಕಲಿಸಿದವಳ ತಪ್ಪು’ ಎಂದೂ ಬರೆದೆ. ಸರ್ಕಾರಿ ಕಾಗದದಲ್ಲಿ ಇಂಥದ್ದೆಲ್ಲ ಬರೆಯಬಾರದು ಎಂದರು. ಹಾಗಾದರೆ ಸಹಿಯನ್ನೂ ಸೇರಿಸಿ ಹರಿದುಹಾಕಿ ಎಂದೆ. ಹರಿಯಲಿಲ್ಲ, ಫೈಲಿಗೆ ಸೇರಿಸಿದರು. ನನ್ನ ಕೆಲಸ ಒಂದು ವರ್ಷ ತಡವಾಗಿ ಕಾಯಂ ಆದದ್ದು ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ.

ಮುಂದಿನ ಭಾನುವಾರ ಬಸ್ಸು ಹತ್ತಿ ಆನಗೋಡಿಗೆ ಹೋದೆ. ಹುಡುಗಿಯ ಅಪ್ಪ ಮೇವು ಕತ್ತರಿಸುತ್ತಿದ್ದರು. ಮಗಳು ದಡ್ಡಿಯಲ್ಲ, ತಪ್ಪು ನನ್ನದು, ಇನ್ನೊಂದು ವರ್ಷ ಕಳಿಸಿ ಎಂದು ಕೇಳಿಕೊಂಡೆ.

“ತಪ್ಪು ನಿಮ್ದು ಅಂತೀರಿ,” ಎಂದರು. “ವರ್ಷ ಯಾಕೆ ಇವಳದು ಹೋಗ್ಬೇಕು ಅಕ್ಕೋರೆ?”

ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಅವರು ಕಂತೆ ಮುಗಿಯುವ ತನಕ ಮೇವು ಕತ್ತರಿಸಿ, ಕೈ ಕೊಡವಿಕೊಂಡು, ಒಂದೇ ವರ್ಷ, ಆಮೇಲೆ ಕೇಳಲು ಬರಬೇಡಿ ಎಂದರು.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಹತ್ತರಲ್ಲಿ ಏಳು ಜನ ಪಾಸು, ಭಟ್ಟಿ ಹುಡುಗಿಯೂ ಸೇರಿ. ಮೂವರು ಉಳಿದರು. ಕರಿಹಲಗೆಯ ಮೇಲೆ ನೂರಕ್ಕೆ ನೂರು ಬರಲಿಲ್ಲ. ಬಂದಷ್ಟನ್ನು ಹೆಡ್‌ಮಾಸ್ತರರು ಸಣ್ಣಕ್ಷರದಲ್ಲಿ ಬರೆಸಿದರು. ನಾನು ದಿನವೂ ನಿಂತು ಓದಿಯೇ ಒಳಗೆ ಹೋಗುತ್ತಿದ್ದೆ, ಅವರಿಗೆ ಕಾಣಲಿ ಎಂದೇ.

ಶಾಲೆ ತೆರೆದ ದಿನ ಆನಗೋಡಿನ ಹುಡುಗಿ ಬಂದಳು. ಈ ಸಲ ನನಗೆ ಪುರುಸೊತ್ತಿತ್ತು. ನೋಟ್‌ಬುಕ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ, ತರಗತಿಯಲ್ಲಿ ರಾಗ ಏಳಲು ಬಿಡುತ್ತಿರಲಿಲ್ಲ. ಅವಳು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೆಡ್‌ಮಾಸ್ತರರು ತರಗತಿ ನೋಡಲು ಬಂದರು. ಅವಳನ್ನು ಗುರುತು ಹಿಡಿದು, ಭಟ್ಟಿಯವಳು ಇವಳೇ ಅಲ್ಲವೇ ಎಂದು ನಕ್ಕರು. ತರಗತಿಯೂ ನಕ್ಕಿತು. ನನ್ನ ನಾಲಿಗೆಯ ತುದಿಗೆ ಏನೋ ಬಂದಿತ್ತು, ಅಷ್ಟರಲ್ಲಿ ಅವಳು ಎದ್ದು ನಿಂತಳು.

“ಸರ್, ದೇರ್ ಈಸ್ ನೋ ಭಟ್ಟಿ ಇನ್ ಅವರ್ ಹೌಸ್,” ಎಂದಳು. ಆಮೇಲೆ ನಿಧಾನವಾಗಿ, ಎಲ್ಲೂ ತಡವರಿಸದೆ ಇಂಗ್ಲಿಷಿನಲ್ಲೇ ಮುಂದುವರಿಸಿದಳು. ಸಂಜೆಯ ಬಸ್ಸಿನ ಸದ್ದನ್ನು ಊರೆಲ್ಲ ಹಿಯರ್ ಮಾಡುತ್ತದೆ. ನನ್ನ ಅಪ್ಪ ಮಾತ್ರ ಬಾಗಿಲಲ್ಲಿ ಕೂತು ಅದಕ್ಕೆ ಲಿಸನ್ ಮಾಡುತ್ತಾನೆ, ಯಾಕೆಂದರೆ ಅದರಲ್ಲಿ ನಾನು ಬರುತ್ತೇನೆ.

ಹೆಡ್‌ಮಾಸ್ತರರು ನಗು ನಿಲ್ಲಿಸಿ ಮೇಜಿನ ಬಳಿ ಬಂದರು. ಕೂತುಕೋ ಎಂದು ಅವರು ಹೇಳಲಿಲ್ಲ, ಅವಳೂ ಕೂರಲಿಲ್ಲ. ಕೊನೆಗೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಎಳೆದುಕೊಂಡು, ತಮ್ಮ ಪೆನ್ನು ತೆಗೆದು, ತರಗತಿ ನೋಡಿದ ಗುರುತಿಗೆ ತಾವೇ ಸಹಿ ಹಾಕಿ ಹೊರಟುಹೋದರು.